ಪದ ಬೇಕು (ತುರ್ತು): ಬ್ರುಸೆಲ್ಲೋಸಿಸ್ ಬಂದ ಗಂಡಸರ 'ಎಪಿಡಿಡೈಮೋ-ಆರ್ಕೈಟಿಸ್'

ಎಲ್ಲರಿಗೂ ನಮಸ್ಕಾರ,

ಬ್ರುಸೆಲ್ಲೋಸಿಸ್ (ದನ, ಕುರಿ, ಮೇಕೆಗಳಿಂದ ಮನುಷ್ಯರಿಗೆ ಅಂಟುವ ರೋಗ) ಬಗ್ಗೆ ಒಂದು ಕರಪತ್ರ ಕನ್ನಡಕ್ಕೆ ತರುತ್ತಿದ್ದೇನೆ. ಕುರಿ, ಮೇಕೆ, ದನ ಸಾಕುವ ಗಂಡಸರು ಓದಬೇಕಾದದ್ದು. ನಾಳೆ ಬೆಳಗ್ಗೆ ಅಚ್ಚಿಗೆ ಕೊಡಬೇಕು. ಎಪಿಡಿಡೈಮೋ-ಆರ್ಕೈಟಿಸ್ ಅಂದರೆ ವೃಷಣ ಮತ್ತು ಅದರ ಹಿಂಬದಿಯ ನಾಳದ ಉರಿಯೂತ. ಅದಕ್ಕೆ ಹಿಂದೆ ಯಾರೋ ಮಾಡಿಟ್ಟ ಕರಡಿನಲ್ಲಿ 'ಅಧಿವೃಷಣ-ವೃಷಣಶೋಥ' ಅಂತಿದೆ. ಇದನ್ನು ಓದಿ ಯಾರಾದರೂ ಆಸ್ಪತ್ರೆಗೆ ಹೋಗ್ತಾರಾ? 'ಎಂಡೆಮಿಕ್ ಪ್ರದೇಶ'ಕ್ಕೆ (ರೋಗ ಸದಾ ಇದ್ದೇ ಇರುವ ಜಾಗಕ್ಕೆ) 'ಸ್ಥಳೀಯ ಪ್ರದೇಶ' ಅಂತ ಹಾಕಿದ್ದಾರೆ. ಅದೂ ಸರಿ ಕಾಣುತ್ತಿಲ್ಲ.

ವಾಕ್ಯ ಇಷ್ಟೇ: ಈ ರೋಗ ಎಂಡೆಮಿಕ್ ಆಗಿರುವ ಕಡೆ, ಜ್ವರದ ಜೊತೆ ವೃಷಣ ಊದಿ ನೋವಾದರೆ ಬ್ರುಸೆಲ್ಲಾ ರಕ್ತಪರೀಕ್ಷೆಯನ್ನೂ ಮಾಡಿಸಬೇಕು.

* * *

'ತರಡು' ಇದೆಯಲ್ಲ, ವೃಷಣ ಯಾಕೆ? ಗ್ರೀಕಿನಲ್ಲಿ 'ಡಿಡಿಮೋಸ್' ಅಂದರೆ ಅವಳಿ. ಅವಳಿಯ ಮೇಲೆ ಕೂತಿರುವುದು 'ಎಪಿಡಿಡಿಮಿಸ್', ಅಂದರೆ ಆ ನಾಳ. ಹಾಗಾಗಿ 'ಮೇಲ್ತರಡು'. ಉರಿಯೂತ ಸೇರಿಸಿದರೆ 'ಮೇಲ್ತರಡುರಿ'. 'ಶೋಥ' ಅನ್ನೋದನ್ನು ಬಾಯಿಬಿಟ್ಟು ಹೇಳುವ ಒಬ್ಬ ರೋಗಿಯನ್ನು ತೋರಿಸಿ, ನಾನು ಗುಂಪು ಬಿಡುತ್ತೇನೆ.

* * *

> 'ಮೇಲ್ತರಡುರಿ'

ಇದನ್ನು ಹೇಳುವ ಒಬ್ಬ ರೋಗಿಯನ್ನು ನೀವೂ ತೋರಿಸಿ.

ನಾನು ವೈದ್ಯ. 'ತರಡು' ನನ್ನ ಕಿವಿಗೆ ಬಿದ್ದಿರುವುದು ಬೈಗುಳದಲ್ಲಿ ಮಾತ್ರ. ಬಂದವರು ಹೇಳುವುದು 'ಬೀಜ ಊದಿದೆ ಡಾಕ್ಟ್ರೇ' ಅಂತ. ಅದೂ ಜೊತೆಗೆ ಬಂದವರನ್ನು ಆಚೆ ಕಳಿಸಿದ ಮೇಲೆ. 'ಅಂಡ' ಅಂತೂ ಹಾಕಲೇಬೇಡಿ. ಅಂಡಾಶಯ ಹೆಂಗಸರದ್ದು, ಅಂಡವಾಯು ಬೇರೆಯೇ ತೊಂದರೆ. ಎರಡರ ಜೊತೆಗೂ ಗೊಂದಲ ಆಗುತ್ತದೆ.

ಪದಕ್ಕಿಂತ ಲಕ್ಷಣ ಬರೆಯಿರಿ. ಬ್ರುಸೆಲ್ಲೋಸಿಸ್ ಬಂದ ಗಂಡಸರಲ್ಲಿ ನೂರಕ್ಕೆ 2ರಿಂದ 20 ಜನಕ್ಕೆ ಇದು ಬರುತ್ತದೆ ಅಂತ ಬೇರೆ ಬೇರೆ ವರದಿಗಳಿವೆ. ಸಾಮಾನ್ಯವಾಗಿ ಒಂದೇ ಬದಿ. ನಿಧಾನವಾಗಿ ಶುರುವಾಗುತ್ತದೆ. ಜ್ವರ, ಬೆವರು, ಕೀಲುನೋವು ಇರಬಹುದು. ಉರಿಮೂತ್ರ ಬಹಳ ಜನಕ್ಕೆ ಇರುವುದೇ ಇಲ್ಲ. ಮೂತ್ರದ ಕಲ್ಚರ್‌ನಲ್ಲೂ (ರೋಗಾಣು ಬೆಳೆಸಿ ನೋಡುವ ಪರೀಕ್ಷೆ) ಹೆಚ್ಚಾಗಿ ಏನೂ ಬೆಳೆಯುವುದಿಲ್ಲ. ಅದಕ್ಕೇ ದಾರಿ ತಪ್ಪುತ್ತದೆ. ಕ್ಷಯ ಇರಬಹುದು ಅಂತಾರೆ, ಗಡ್ಡೆ ಇರಬಹುದು ಅಂತಾರೆ. ಕ್ಯಾನ್ಸರ್ ಅಂದುಕೊಂಡು ವೃಷಣವನ್ನೇ ತೆಗೆದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ಬಂದಿವೆ. ಮಾತ್ರೆಯಲ್ಲಿ ವಾಸಿಯಾಗಬೇಕಾದ್ದು! ಸುಮ್ನೆ ಬಿಟ್ಟರೆ ಕೀವು ಕಟ್ಟಬಹುದು, ವೃಷಣ ಸೊರಗಬಹುದು, ಮಕ್ಕಳಾಗುವುದಕ್ಕೂ ತೊಂದರೆ ಆಗಬಹುದು.

* * *

ರೋಗದ ಹೆಸರನ್ನೇ ಯಾರೂ ಕೇಳಲಿಲ್ಲವಲ್ಲ! ಬ್ರುಸೆಲ್ಲೋಸಿಸ್‌ಗೆ ಕನ್ನಡದಲ್ಲಿ 'ಕಂದು ರೋಗ' ಅಂತ ಒಳ್ಳೆಯ ಪದ ಇದೆ. ಪಶುವೈದ್ಯರು ದಿನಾ ಬಳಸುತ್ತಾರೆ. ಇದು ಬಣ್ಣದ ಕಂದು ಅಲ್ಲ. ಕಂದ, ಬಾಳೆಕಂದು, ತಮಿಳಲ್ಲಿ ಕರುವಿಗೆ ಹೇಳುವ 'ಕನ್ಱು', ಎಲ್ಲಾ ಒಂದೇ ಬೇರು. ದನ 'ಕಂದು ಹಾಕಿತು' ಅಂದರೆ ದಿನ ತುಂಬುವ ಮೊದಲೇ ಗರ್ಭ ಹೋಯಿತು ಅಂತ. ಬ್ರಿಟಿಷ್ ಸೇನಾವೈದ್ಯ ಡೇವಿಡ್ ಬ್ರೂಸ್ 1887ರಲ್ಲಿ ಮಾಲ್ಟಾದ ಸೈನಿಕರಲ್ಲಿ ರೋಗಾಣು ಗುರುತಿಸಿದ. ಹತ್ತು ವರ್ಷ ಬಿಟ್ಟು ಡೆನ್ಮಾರ್ಕಿನ ಪಶುವೈದ್ಯ ಬ್ಯಾಂಗ್ ಎಂಬುವನು ಕಂದು ಹಾಕುವ ದನಗಳಲ್ಲಿ ಅದರ ದಾಯಾದಿಯನ್ನು ಕಂಡ. ನಮ್ಮ ಪದ ಇವರಿಬ್ಬರ ಹಂಗಿನಲ್ಲೂ ಇಲ್ಲ.

* * *

ಮೇಷ್ಟ್ರೇ, ಕರಪತ್ರ ಗಂಡಸರಿಗೆ. ಗಂಡಸು ಕಂದು ಹಾಕ್ತಾನಾ?

* * *

ಮಂಗನಬಾವು ಬಂದವನು ಮಂಗ ಆಗಬೇಕಾ?

* * *

ಸರಿ, ಒಪ್ಪಿದೆ. ಅಂದಹಾಗೆ ಮಂಗನಬಾವಿನಲ್ಲೂ ವೃಷಣ ಊದುತ್ತದೆ. ಆದರೆ ಅಲ್ಲಿ ಕೆನ್ನೆ ಮೊದಲು.

* * *

ಮಂಗನಬಾವು ನಡೆಯುತ್ತದೆ, ತರಡು ನಡೆಯಲ್ಲ. ಯಾಕೆ? ಸಂಸ್ಕೃತಕ್ಕೆ ಮಡಿ ಉಡಿಸಿ ಕೂರಿಸಿದ್ದಕ್ಕೆ ತಾನೇ ನಮ್ಮ ಪದ ಬೈಗುಳವಾಗಿ ಉಳಿದಿದ್ದು? ನಾಲ್ಕು ಕರಪತ್ರದಲ್ಲಿ ಅಚ್ಚಾದರೆ ನಾಚಿಕೆ ತಾನಾಗಿ ಹೋಗುತ್ತದೆ. 'ರೋಗ' ಕೂಡ ಬೇಕಿಲ್ಲ. 'ಬೇನೆ' ಇದೆ.

* * *

'ಬೇನೆ' ಬಂದಿದ್ದು 'ವೇದನೆ'ಯಿಂದ. ತದ್ಭವದ ಪಟ್ಟಿ ತೆಗೆದು ನೋಡಿ. ಇನ್ನು 'ವೃಷಣ' ಶಾಲೆಯ ವಿಜ್ಞಾನ ಪಾಠದಲ್ಲೇ ಬರುತ್ತದೆ, ಓದಿದವರಿಗೆಲ್ಲ ಗೊತ್ತು. ಬಂದು ಕೂತ ಪದವನ್ನು ಎಬ್ಬಿಸಿ ಕಳಿಸುವುದು ಯಾವ ಸೀಮೆ ಕನ್ನಡಪ್ರೇಮ? ಜ್ವರ, ರಕ್ತ, ಮೂತ್ರ ಎಲ್ಲಾ ತೆಗೆದರೆ ಕರಪತ್ರದಲ್ಲಿ ಖಾಲಿ ಹಾಳೆ ಉಳಿಯುತ್ತದೆ.

* * *

ತದ್ಭವ ಅಂದರೆ ನಾವು ನಮ್ಮ ಬಾಯಿಗೆ ತಿದ್ದಿಕೊಂಡಿದ್ದು. ಅದು ಎರವಲಲ್ಲ, ದಕ್ಕಿಸಿಕೊಂಡಿದ್ದು. 'ಶೋಥ'ವನ್ನು ಯಾರು ದಕ್ಕಿಸಿಕೊಂಡಿದ್ದಾರೆ? ಇಷ್ಟು ಗೊತ್ತಿಲ್ಲದವರ ಜೊತೆ ವಾದ ಮಾಡಲ್ಲ.

* * *

ದಯವಿಟ್ಟು ಈ ಜಗಳಕ್ಕೆ ಬೇರೆ ಎಳೆ ಶುರುಮಾಡಿ. ನಾನು ಹೀಗೆ ಮಾಡಿದ್ದೇನೆ:

"ಕಂದು ರೋಗ (ಬ್ರುಸೆಲ್ಲೋಸಿಸ್) ಬೇರೂರಿದ ಕಡೆ ಜ್ವರದ ಜೊತೆ ಬೀಜ ಊದಿ ನೋವಾದರೆ ನಾಚಿಕೊಳ್ಳಬೇಡಿ, ಡಾಕ್ಟರಿಗೆ ತೋರಿಸಿ. ಅದು ವೃಷಣದ ಮತ್ತು ಅದರ ಹಿಂಬದಿಯ ನಾಳದ ಉರಿಯೂತ ಇರಬಹುದು. ಬ್ರುಸೆಲ್ಲಾ ರಕ್ತಪರೀಕ್ಷೆ ಮಾಡಿಸಿ."

ಎಪಿಡಿಡಿಮಿಸ್ ಬಿಟ್ಟೆ. 'ಸ್ಥಳೀಯ' ತೆಗೆದೆ, 'ಬೇರೂರಿದ' ಇರಲಿ. ಇನ್ನೇನಾದರೂ ಇದ್ದರೆ ರಾತ್ರಿಯೊಳಗೆ ಹೇಳಿ.

* * *

'ಬೀಜ' ಚೆನ್ನಾಗಿದೆ, ಎಲ್ಲರಿಗೂ ತಿಳಿಯುತ್ತದೆ. ಎರಡು ಮಾತು ಸೇರಿಸಿ. ಹಸಿಹಾಲು ಕುಡಿದಿದ್ದರೆ, ದನ ಕುರಿ ಈಯುವಾಗ ಮಾಸು ಮುಟ್ಟಿದ್ದರೆ ಕೇಳದಿದ್ದರೂ ಡಾಕ್ಟರಿಗೆ ಹೇಳಬೇಕು. ಅದು ಗೊತ್ತಾದರೆ ಪರೀಕ್ಷೆ ಬರೆಯಬೇಕು ಅಂತ ನಮಗೆ ಹೊಳೆಯುತ್ತದೆ. ಇನ್ನೊಂದು, ಸಾಮಾನ್ಯವಾಗಿ ಎರಡು ಬಗೆಯ ಔಷಧಿ ಒಟ್ಟಿಗೆ, ಕಡಿಮೆ ಅಂದರೆ 6 ವಾರ. ಊತ ಇಳಿಯಿತು ಅಂತ ಎರಡನೇ ವಾರಕ್ಕೇ ನಿಲ್ಲಿಸುವವರು ಜಾಸ್ತಿ, ಅವರಿಗೇ ಮತ್ತೆ ಮರುಕಳಿಸುವುದು. '6 ವಾರ' ಅನ್ನುವುದನ್ನು ದಪ್ಪ ಅಕ್ಷರದಲ್ಲಿ ಹಾಕಿಸಿ.

* * *

'ಹಿಂಬದಿಯ ನಾಳ' ಅಲ್ಲ, 'ಹಿಂಬದಿಯ ಕೊಳವೆ'.