ಜೆಟ್ಯಾಗ್ ಚೈನಿನಲ್ಲಿ ಒಂದು ಬಿಟ್ ಜಾರುವುದು ಯಾಕೆ?

ಪ್ರಶ್ನೆ (ಪಾಲಿಟೆಕ್ನಿಕ್ ವಿದ್ಯಾರ್ಥಿ, ಬದಿಯಡ್ಕ):
ಅಣ್ಣಾ, ಮಂಗಳೂರಿನಿಂದ ತಂದ ಎಸ್‌ಟಿಎಂ32ಎಫ್103 ಮೈಕ್ರೋಕಂಟ್ರೋಲರ್ ಬೋರ್ಡಿಗೆ ರಾಸ್ಪ್‌ಬೆರಿ ಪೈ ಜೋಡಿಸಿ ಜೆಟ್ಯಾಗ್ (ಕೆಲವೇ ತಂತಿಗಳಿಂದ ಚಿಪ್‌ನ ಒಳಗನ್ನು ಪರೀಕ್ಷಿಸುವ ದಾರಿ) ಕೋಡ್ ನಾನೇ ಬರೆಯುತ್ತಿದ್ದೇನೆ. ರೀಸೆಟ್ ಆದ ಮೇಲೆ 64 ಬಿಟ್ ಓದಿದರೆ ಮೊದಲು 3ಬಿಎ00477, ಆಮೇಲೆ 16410041 ಬರುತ್ತದೆ. ಚಿಪ್ ಒಂದೇ ಅಲ್ವಾ, ಐಡಿ ಎರಡು ಯಾಕೆ? ಐಆರ್‌ಗೆ (ಆಜ್ಞೆ ಹಾಕುವ ರಿಜಿಸ್ಟರ್) ಡಿಪಿಎಸಿಸಿಯ (ಡೀಬಗ್ ಭಾಗವನ್ನು ಓದಲು, ಬರೆಯಲು ಇರುವ ರಿಜಿಸ್ಟರ್) ಆಜ್ಞೆಯ 4 ಬಿಟ್, ಅದರ ಹಿಂದೆಯೇ ಐದು 1 ಹಾಕುತ್ತೇನೆ. ನಂತರ ಡೇಟಾ 35 ಬಿಟ್ ಕಳಿಸಿದರೆ ಉತ್ತರ ಅಡ್ಡಾದಿಡ್ಡಿ. ವೈರ್ ಲೂಸ್ ಇರಬಹುದಾ?

ಉತ್ತರ (ಫರ್ಮ್‌ವೇರ್ ಕೆಲಸದವರು, ಕುಂಬಳೆ):
ಎರಡೂ ಐಡಿ ಸರಿ ಬಂದಿವೆ, ವೈರನ್ನು ಸುಮ್ನೆ ಬೈಯಬೇಡಿ. ಚಿಪ್ ಒಂದೇ, ಒಳಗೆ ಟ್ಯಾಪ್ (ಜೆಟ್ಯಾಗಿನ ಬಾಗಿಲು) ಎರಡು, ಒಂದರ ಹಿಂದೆ ಒಂದು. ಟಿಡಿಐನಲ್ಲಿ (ಡೇಟಾ ಒಳಹೋಗುವ ಪಿನ್) ಹಾಕಿದ ಬಿಟ್ ಮೊದಲು ಪಿನ್‌ಗಳನ್ನು ಪರೀಕ್ಷಿಸುವ ಬೌಂಡರಿ ಸ್ಕ್ಯಾನ್ ಟ್ಯಾಪ್ ಹೊಕ್ಕು, ಆಮೇಲೆ ಪ್ರೊಸೆಸರ್ ಆದ ಕಾರ್ಟೆಕ್ಸ್ ಎಂ3ರ ಟ್ಯಾಪ್ ದಾಟಿ ಟಿಡಿಓಗೆ (ಹೊರಬರುವ ಪಿನ್) ಬರುತ್ತದೆ. ಟಿಸಿಕೆ (ಕ್ಲಾಕ್), ಟಿಎಂಎಸ್ (ಹಂತ ಬದಲಿಸುವ ಪಿನ್) ಮಾತ್ರ ಎರಡಕ್ಕೂ ಒಟ್ಟಿಗೇ ಹೋಗುತ್ತವೆ.

ಐದು 1 ಹಾಕಿ ಬೌಂಡರಿ ಸ್ಕ್ಯಾನನ್ನು ಬೈಪಾಸ್ ಮಾಡಿದ್ದು (ಬಿಟ್‌ಗಳನ್ನು ಸುಮ್ಮನೆ ದಾಟಿಸುವಂತೆ ಮಾಡಿದ್ದು) ಸರಿ. ಆದರೆ ಬೈಪಾಸ್ ಆದ ಟ್ಯಾಪ್ ದಾರಿ ಬಿಟ್ಟು ಹೋಗುವುದಿಲ್ಲ, ಅಲ್ಲಿ 1 ಬಿಟ್‌ನ ರಿಜಿಸ್ಟರ್ ಉಳಿದೇ ಇರುತ್ತದೆ. ಹಾಗಾಗಿ ಡಿಪಿಎಸಿಸಿಯ 35 ಜೊತೆ ಸೇರಿ ದಾರಿಯ ಉದ್ದ 36. ನೀವು 35 ಕ್ಲಾಕಿಗೆ ನಿಲ್ಲಿಸಿದರೆ ಕೊನೆಯ ಬಿಟ್ ಬೈಪಾಸಿನಲ್ಲೇ ಕೂತಿರುತ್ತದೆ.

ಮಜಾ ಇರುವುದು ಇನ್ನೊಂದು ತುದಿಯಲ್ಲಿ. ಬಿಟ್ ಸರಿಸುವ ಮುಂಚಿನ ಕ್ಯಾಪ್ಚರ್ ಹಂತದಲ್ಲಿ ಬೈಪಾಸಿಗೆ 0 ತುಂಬುತ್ತದೆ. ತೋಟದ ಪೈಪಿನಲ್ಲಿ ನಿಂತ ನೀರೇ ಮೊದಲು ಹೊರಡುವ ಹಾಗೆ, ಆ ಸೊನ್ನೆ ನಿಮ್ಮ ಡೇಟಾಗಿಂತ ಮುಂದೆ ಹೋಗಿ ಡಿಪಿಎಸಿಸಿಯ ಕೆಳಗಿನ ಬಿಟ್‌ನಲ್ಲಿ ಕೂರುತ್ತದೆ. ಆ ಬಿಟ್ 1 ಆದರೆ ಓದು, 0 ಆದರೆ ಬರೆ. ಅಂದರೆ ನೀವು ಓದಲು ಹೇಳಿದ್ದೆಲ್ಲ ಬರೆಯುವ ಆಜ್ಞೆ ಆಗುತ್ತಿದೆ! ವಿಳಾಸದ ಬಿಟ್‌ಗಳೂ ಜಾರಿರುತ್ತವೆ.

35 ಬಿಟ್ ಆದ ಮೇಲೆ ಇನ್ನೊಂದು 0 ಹಾಕಿ. ಬಿಟ್ ಸರಿಸುವುದನ್ನು ಮುಗಿಸಲು ಟಿಎಂಎಸ್ 1 ಮಾಡುವುದು ಆ 36ನೇ ಬಿಟ್ ಜೊತೆಗೆ, ಅದಕ್ಕಿಂತ ಮುಂಚೆ ಬೇಡ. ಹೊರಗೆ ಬಂದದ್ದರಲ್ಲಿ ಮೊದಲ 35 ಇಟ್ಟುಕೊಳ್ಳಿ. ಕೇಳಿದ್ದಕ್ಕೆ ಉತ್ತರ ಮುಂದಿನ ಸ್ಕ್ಯಾನಿನಲ್ಲಿ ಬರುತ್ತದೆ. ಕೆಳಗಿನ 3 ಬಿಟ್ 010 ಇದ್ದರೆ ಚಿಪ್ ಮಾತಾಡುತ್ತಿದೆ, 001 ಬಂದರೆ ಸ್ವಲ್ಪ ಕಾಯಿರಿ.

ಇನ್ನೊಬ್ಬ ಸದಸ್ಯೆ (ಮಂಜೇಶ್ವರ):
ಸರ್, ನನ್ನ ಬೋರ್ಡಿನಲ್ಲಿ ಇದೇ ಚಿಪ್‌ನ ನಂತರ ಟಿಡಿಓ ಕಡೆ ಒಂದು ಎಫ್‌ಪಿಜಿಎ (ನಮಗೆ ಬೇಕಾದ ಸರ್ಕ್ಯೂಟ್ ರೂಪಿಸಬಹುದಾದ ಚಿಪ್) ಕೂಡ ಇದೆ. ಆಗಲೂ ಕೊನೆಗೇ ಸೇರಿಸುವುದಾ?

ಉತ್ತರ:
ಕೊನೆಗೊಂದು, ಮೊದಲಿಗೊಂದು. ಒಟ್ಟು 37. ಓದುವಾಗ ಮೊದಲ ಬಿಟ್ ಎಫ್‌ಪಿಜಿಎಯ ಬೈಪಾಸಿನದು, ಅದನ್ನು ಬಿಸಾಡಿ. ಐಆರ್‌ನಲ್ಲೂ ಎಫ್‌ಪಿಜಿಎಯ 1ಗಳೇ ಮೊದಲು ಹೋಗಬೇಕು. ಎಷ್ಟು ಅಂತ ಅಂದಾಜು ಮಾಡಬೇಡಿ, ಚಿಪ್‌ನ ಜೆಟ್ಯಾಗ್ ವಿವರ ಕೊಡುವ ಕಂಪನಿಯ ಬಿಎಸ್‌ಡಿಎಲ್ ಫೈಲಿನಲ್ಲಿ ಐಆರ್ ಉದ್ದ ಬರೆದಿರುತ್ತದೆ.