ಪದಚರ್ಚೆ: ಲೈಫ್‌ಬೋಟ್ ಮಾದರಿ ಕಟ್ಟುವ ಕೆಲಸದ ಪದಗಳು

ಬಳಗದವರಿಗೆ ನಮಸ್ಕಾರ.

ಕಿಟ್‌ನಿಂದ ಲೈಫ್‌ಬೋಟಿನ ಕಿರುಮಾದರಿ ಕಟ್ಟುವ ಬಗೆಯನ್ನು ಹೇಳುವ ಕೈಪಿಡಿಯೊಂದು ಕನ್ನಡದಲ್ಲಿ ಸಿದ್ಧವಾಗುತ್ತಿದೆ. ನಾಲ್ಕು ಕಡೆ ಪದ ತೊಡಕಾಗಿದೆ. ಲೈಫ್‌ಬೋಟ್‌ಗೆ ‘ಜೀವರಕ್ಷಕ ದೋಣಿ’ ಸಾಕೇ? ರಡ್ಡರ್, ಟಿಲ್ಲರ್, ಸ್ಟಿಯರಿಂಗ್ ವೀಲ್ ಮೂರನ್ನೂ ನಿಘಂಟುಗಳು ‘ಚುಕ್ಕಾಣಿ’ಗೇ ಕಟ್ಟುತ್ತವೆ, ಕಿಟ್‌ನಲ್ಲಿ ಅವು ಬೇರೆಬೇರೆ ತುಂಡುಗಳು, ಬೇರೆಬೇರೆ ಜಾಗದವು. ಪ್ಲಾಸ್ಟಿಕ್ ಸಿಮೆಂಟ್, ಸೂಪರ್ ಗ್ಲೂ, ಬಿಳಿ ಅಂಟು ಎಲ್ಲವನ್ನೂ ‘ಅಂಟು’ ಎಂದರೆ ಕೆಲಸ ಕೆಡುತ್ತದೆ. ವಾಟರ್‌ಲೈನ್‌ಗೆ, ಅಂದರೆ ದೋಣಿಯ ಮೈಯಲ್ಲಿ ನೀರು ಮುಟ್ಟುವ ಮಟ್ಟದ ಗೆರೆಗೆ, ‘ಜಲರೇಖೆ’ ಆದೀತೇ? ಕ್ಲಿಂಕರ್ (ಹಲಗೆ ಜೋಡಿಸುವ ಒಂದು ಬಗೆ), ಡಿಕಾಲ್ (ನೀರಿನಲ್ಲಿ ನೆನೆಸಿ ಕೂರಿಸುವ ಅಕ್ಷರ, ಚಿತ್ರಗಳ ತೆಳು ಪದರ), ಸ್ಪ್ರೂ (ಕಿಟ್‌ನ ತುಂಡುಗಳನ್ನು ಹಿಡಿದಿಟ್ಟ ಪ್ಲಾಸ್ಟಿಕ್ ಚೌಕಟ್ಟು) ಬಗ್ಗೆಯೂ ತಿಳಿದವರು ಹೇಳಬೇಕು.

ಉತ್ತರ 1

ಮೊದಲು ಲೈಫ್‌ಬೋಟ್ ಯಾವುದು ಅನ್ನುವುದು ಇತ್ಯರ್ಥವಾಗಲಿ. ಇಂಗ್ಲಿಷಿನಲ್ಲಿ ಒಂದೇ ಹೆಸರು ಎರಡು ದೋಣಿಗಳಿಗಿದೆ. ಹಡಗಿನ ಮಗ್ಗುಲಲ್ಲಿ ತೂಗುತ್ತ, ಹಡಗು ಮುಳುಗುವಾಗ ಒಳಗಿನವರು ಹತ್ತಿ ಪಾರಾಗುವ ದೋಣಿ ಒಂದು. ದಡದ ಠಾಣೆಯಲ್ಲಿ ಸಜ್ಜಾಗಿದ್ದು, ಕಷ್ಟದಲ್ಲಿರುವವರನ್ನು ಕರೆತರಲು ಸಮುದ್ರಕ್ಕೆ ಹೋಗುವ ದೋಣಿ ಇನ್ನೊಂದು; ಬ್ರಿಟನ್ನಿನಲ್ಲಿ 1824ರಲ್ಲಿ ಹುಟ್ಟಿದ ಆರ್‌ಎನ್‌ಎಲ್‌ಐ (ರಾಯಲ್ ನ್ಯಾಷನಲ್ ಲೈಫ್‌ಬೋಟ್ ಇನ್‌ಸ್ಟಿಟ್ಯೂಷನ್) ಸಂಸ್ಥೆಯ ದೋಣಿಗಳು ಈ ಬಗೆಯವು. ಒಂದು ಪಾರಾಗುವ ದೋಣಿ, ಇನ್ನೊಂದು ಪಾರುಮಾಡುವ ದೋಣಿ. ಮೊದಲನೆಯದಕ್ಕೆ ‘ಹಡಗಿನ ಲೈಫ್‌ಬೋಟ್’, ಎರಡನೆಯದಕ್ಕೆ ‘ರಕ್ಷಣಾ ದೋಣಿ’ ಎಂದು ಬಿಡಿಸಿಟ್ಟರೆ ಗೊಂದಲ ತಪ್ಪುತ್ತದೆ.

ಇದು ಬರೀ ಹೆಸರಿನ ಮಾತಲ್ಲ, ಕೆಲಸವೂ ಬೇರೆ. ಟೈಟಾನಿಕ್‌ನಲ್ಲಿದ್ದ 20 ದೋಣಿಗಳಲ್ಲಿ 14 ದೊಡ್ಡ ಮರದ ದೋಣಿಗಳು. ಒಂದೊಂದೂ 30 ಅಡಿ ಉದ್ದ, 1:35 ಅಳತೆಯಲ್ಲಿ, ಅಂದರೆ ನಿಜದ 35ರಲ್ಲಿ ಒಂದು ಪಾಲಿಗೆ ಇಳಿಸಿದರೆ, ಸುಮಾರು 26 ಸೆಂಟಿಮೀಟರ್. ಅಲ್ಲಿ ಕೆಲಸವೆಲ್ಲ ಹಲಗೆ, ಅಡ್ಡಪಟ್ಟಿ, ಹುಟ್ಟು, ಹಗ್ಗಗಳದ್ದು. ಆರ್‌ಎನ್‌ಎಲ್‌ಐನ ಸೆವರ್ನ್ ದೋಣಿ 17 ಮೀಟರಿನದು, 1:72ರಲ್ಲಿ ಸುಮಾರು 23.6 ಸೆಂಟಿಮೀಟರ್. ಇಲ್ಲಿ ಕೆಲಸ ರೇಲಿಂಗು, ಆಂಟೆನಾ, ಕಿಟಕಿ ಮತ್ತು ಬಣ್ಣದ್ದು. ಒಂದೇ ಕೈಪಿಡಿಯಲ್ಲಿ ಎರಡನ್ನೂ ‘ಜೀವರಕ್ಷಕ ದೋಣಿ’ ಎಂದರೆ, ‘ಒಡಲಿಗೆ ಕಡುನೀಲಿ ಬಳಿಯಿರಿ’ ಎಂದು ಓದಿದವರು ಟೈಟಾನಿಕ್ ದೋಣಿಗೂ ನೀಲಿ ಬಳಿದಾರು.

ಚುಕ್ಕಾಣಿ ಅರಬ್ಬಿಯ ‘ಸುಕ್ಕಾನ್’ನಿಂದ ಬಂದದ್ದು, ಅಲ್ಲಿ ಅದು ನೀರೊಳಗಿನ ಹಲಗೆಯೇ. ಹಾಗಾಗಿ ರಡ್ಡರ್‌ಗೆ ಚುಕ್ಕಾಣಿಯನ್ನೇ ಬಿಟ್ಟುಕೊಡಿ. ಉಳಿದವು ತಾವಾಗಿ ಬರುತ್ತವೆ: ಅದಕ್ಕೆ ಸಿಕ್ಕಿಸುವ ಕೋಲು ‘ಚುಕ್ಕಾಣಿ ಹಿಡಿಕೆ’, ಚಾಲಕರ ಕೋಣೆಯೊಳಗಿನದು ‘ಚುಕ್ಕಾಣಿ ಚಕ್ರ’. ‘ಚುಕ್ಕಾಣಿ ಹಿಡಿ’ ಎಂದು ಗಿಡ್ಡ ಮಾಡಬೇಡಿ, ಸಂಪುಟ ರಚನೆಯ ಸುದ್ದಿಯಂತೆ ಕೇಳಿಸುತ್ತದೆ.

ಇದೇ ಜಾಗದಲ್ಲಿ ಇನ್ನೊಂದು ಪದ ಬೇಕು, ತಾವು ಕೇಳಿಲ್ಲ. ಎರಡು ಪ್ರೊಪೆಲ್ಲರ್ ಇರುವ ದೋಣಿಯಲ್ಲಿ ಅವು ಸಾಮಾನ್ಯವಾಗಿ ಕನ್ನಡಿಯಲ್ಲಿ ಕಂಡಂತೆ ಒಂದಕ್ಕೊಂದು ಎದುರು ತಿರುಚಿನವು. ಕಿಟ್‌ನಲ್ಲಿ ಅಕ್ಕಪಕ್ಕದ ಸಂಖ್ಯೆ ಕೊಟ್ಟಿರುತ್ತಾರೆ, ಬಿಡಿಸಿದ ಮೇಲೆ ಯಾವುದು ಯಾವುದೆಂದು ಮರೆತುಹೋಗುತ್ತದೆ. ಶಂಖಕ್ಕೆ ಹೇಳುವ ‘ಬಲಮುರಿ’, ‘ಎಡಮುರಿ’ ಇಲ್ಲಿ ಅಚ್ಚುಕಟ್ಟಾಗಿ ಕೂರುತ್ತವೆ. ಹಿಂದಿನಿಂದ ನೋಡುವಾಗ ಮೇಲಕ್ಕೆ ನಿಂತ ಎಲೆಯ ಬಲ ಅಂಚು ನಮ್ಮಿಂದ ದೂರಕ್ಕೆ, ಅಂದರೆ ದೋಣಿಯ ಮೂತಿಯತ್ತ ವಾಲಿದ್ದರೆ ಅದು ಬಲಮುರಿ. ಸಾಮಾನ್ಯವಾಗಿ ಬಲಮುರಿ ಬಲಬದಿಗೆ, ಎಡಮುರಿ ಎಡಬದಿಗೆ. ಅಂಟಿಸುವ ಮೊದಲು ನಿಜದೋಣಿಯ ಚಿತ್ರ ನೋಡಿ ಖಚಿತ ಮಾಡಿಕೊಳ್ಳಬೇಕು.

ಇನ್ನು ಅಂಟು. ಪ್ಲಾಸ್ಟಿಕ್ ಸಿಮೆಂಟ್ ಅಂಟಿಸುವುದೇ ಇಲ್ಲ. ಎರಡು ಮೈಗಳನ್ನೂ ಕರಗಿಸಿ ಒಂದು ಮಾಡುತ್ತದೆ. ಒಡಲಿನ ಎರಡು ಅರ್ಧಗಳನ್ನು ಟೇಪಿನಿಂದ ಬಿಗಿದು, ತೆಳು ಸಿಮೆಂಟನ್ನು ಕುಂಚದ ತುದಿಯಿಂದ ಸಂದಿಗೆ ತಾಗಿಸಿದರೆ ಸಾಕು, ತಾನೇ ಸಂದಿಯುದ್ದಕ್ಕೂ ಹರಿಯುತ್ತದೆ. ಸ್ವಲ್ಪ ಒತ್ತಿದಾಗ ಕರಗಿದ ಪ್ಲಾಸ್ಟಿಕ್ ಕೂದಲೆಳೆಯಷ್ಟು ಉಬ್ಬಿ ಹೊರಬರಬೇಕು. ಬಂದರೆ ಸಂದಿ ತುಂಬಿದೆ ಎಂದು ಅರ್ಥ. ಆ ಉಬ್ಬನ್ನು ಒಂದು ದಿನ ಒಣಗಲು ಬಿಟ್ಟು 400, ಆಮೇಲೆ 600ರ ಮರಳು ಕಾಗದದಲ್ಲಿ ಉಜ್ಜಬೇಕು. ಅವಸರಪಟ್ಟು ಅಂದೇ ಉಜ್ಜಿದರೆ ಮೆತ್ತಗಿದ್ದದ್ದು ಆಮೇಲೆ ಕುಗ್ಗಿ, ಬಣ್ಣದ ಅಡಿಯಲ್ಲಿ ಗೆರೆ ಮೂಡುತ್ತದೆ. ಟೇಪಿನ ಅಂಚು ಸಂದಿಗೆ ತಾಗದಂತೆಯೂ ನೋಡಿಕೊಳ್ಳಬೇಕು. ಸಿಮೆಂಟ್ ಟೇಪಿನ ಅಡಿಗೆ ನುಗ್ಗಿದರೆ ಒಡಲಿನ ಮೇಲೆ ಗಾಯವಾಗುತ್ತದೆ. ಆದ್ದರಿಂದ ಈ ಕ್ರಿಯೆಗೆ ‘ಬೆಸೆ’, ವಸ್ತುವಿಗೆ ‘ಬೆಸುಗೆ ದ್ರವ’ ಎನ್ನಬಹುದು.

ಉತ್ತರ 2

ಲೈಫ್‌ಬೋಟ್, ಚುಕ್ಕಾಣಿ, ಬಲಮುರಿ ಮೂರಕ್ಕೂ ನನ್ನ ಒಪ್ಪಿಗೆಯಿದೆ. ‘ಬೆಸುಗೆ’ಗೆ ಮಾತ್ರ ಇಲ್ಲ.

ಕಾರಣ ರೇಲಿಂಗಿನಲ್ಲಿದೆ. 1:72ರಲ್ಲಿ ಕಿಟ್ ಕೊಡುವ ಪ್ಲಾಸ್ಟಿಕ್ ರೇಲಿಂಗ್ ಸಾಮಾನ್ಯವಾಗಿ ದಪ್ಪ. ಒಂದು ಮಿಲಿಮೀಟರ್ ದಪ್ಪದ ಕಂಬ ನಿಜದಲ್ಲಿ 72 ಮಿಲಿಮೀಟರಿನ ಕೊಳವೆಯಾಗುತ್ತದೆ. ದೋಣಿಯ ರೇಲಿಂಗ್ ಕೈಮುಷ್ಟಿಗೆ ಸಿಗಬೇಕಲ್ಲ. 30 ಮಿಲಿಮೀಟರಿನ ಕೊಳವೆ ಎಂದಿಟ್ಟುಕೊಂಡರೆ ಮಾದರಿಯಲ್ಲಿ 0.4 ಮಿಲಿಮೀಟರ್ ಬರಬೇಕು. ಹಾಗಾಗಿ ಪ್ಲಾಸ್ಟಿಕ್ ಕಂಬ ಕತ್ತರಿಸಿ, ಅದರ ಬುಡದ ಗುರುತಿನ ನಡುವೆ ಸೂಜಿಯಿಂದ ಚುಚ್ಚಿ, ಕೈಯಲ್ಲಿ ತಿರುಗಿಸುವ ಸಣ್ಣ ಡ್ರಿಲ್ಲಿನಿಂದ 0.5ರ ತೂತು ಕೊರೆದು, 0.4ರ ಹಿತ್ತಾಳೆ ತಂತಿ ನಿಲ್ಲಿಸುತ್ತಾರೆ. ಅಡ್ಡಕೊಳವೆಯನ್ನು ಕಂಬಗಳಿಗೆ ಸೇರಿಸುವುದು ಕಾದ ಸೋಲ್ಡರಿಂಗ್ ಕಬ್ಬಿಣದಿಂದ, ಕರಗಿಸಿದ ಬೆಸುಗೆ ಲೋಹದಿಂದ. ಅದೇ ನಿಜವಾದ ಬೆಸುಗೆ. ಒಂದೇ ಪುಟದಲ್ಲಿ ಒಡಲಿಗೂ ಬೆಸುಗೆ, ರೇಲಿಂಗಿಗೂ ಬೆಸುಗೆ ಎಂದರೆ ಹೊಸಬರೊಬ್ಬರು ಪ್ಲಾಸ್ಟಿಕ್ಕಿಗೆ ಕಾದ ಕಬ್ಬಿಣ ಇಟ್ಟರೂ ಇಟ್ಟರೇ.

‘ಕರಗಂಟು’ ಎಂಬ ಸಲಹೆ ಬರುವ ಮುನ್ನವೇ ಹೇಳಿಬಿಡುತ್ತೇನೆ: ಅದು ಕಂದಾಯದವರ ಗಂಟಿನಂತೆ ಕಾಣುತ್ತದೆ. ‘ಕರಗಿಸುವ ಅಂಟು’ ಎಂದು ಬಿಡಿಸಿಯೇ ಬರೆಯೋಣ. ಸೂಪರ್ ಗ್ಲೂ ಎಲ್ಲರಿಗೂ ಗೊತ್ತು, ಹಾಗೇ ಇರಲಿ. ಲೋಹವನ್ನು ಪ್ಲಾಸ್ಟಿಕ್ಕಿಗೆ ಹಿಡಿಸಲು ಅದೇ ಬೇಕು, ಯಾಕೆಂದರೆ ಕರಗಿಸುವ ಅಂಟಿಗೆ ಲೋಹ ಕರಗುವುದಿಲ್ಲ. ಕಿಟಕಿಗೆ ಮಾತ್ರ ಬಿಳಿ ಅಂಟು. ಸೂಪರ್ ಗ್ಲೂ ಒಣಗುವಾಗ ಬಿಡುವ ಆವಿ ಪಾರದರ್ಶಕ ಪ್ಲಾಸ್ಟಿಕ್ಕಿನ ಮೇಲೆ ಕೂತು ಮಂಜು ಹಿಡಿದಂತೆ ಬೆಳ್ಳಗಾಗಿಸುತ್ತದೆ. ಚಾಲಕರ ಕೋಣೆ ಮುಚ್ಚಿದ ಮೇಲೆ ಒಳಮೈಯಲ್ಲಿ ಹೀಗಾದರೆ ಒರೆಸಲು ದಾರಿಯಿಲ್ಲ.

‘ಜಲರೇಖೆ’ ಬೇಡ. ‘ನೀರಿನ ಮೇಲೆ ಬರೆದ ಗೆರೆ’ ಎಂದು ಅಳಿದುಹೋಗುವುದಕ್ಕೆ ಹೇಳುವ ನಾಡು ನಮ್ಮದು. ಇಲ್ಲಿ ಬೇಕಾದದ್ದು ಅಳಿಯದ ಗೆರೆ. ‘ನೀರುಮಟ್ಟದ ಗೆರೆ’ ಎಂದರೆ ಪದವೇ ವಿಧಾನವನ್ನೂ ಹೇಳುತ್ತದೆ. ಟೇಪನ್ನು ಒಡಲಿನ ಬಾಗಿಗೆ ತಕ್ಕಂತೆ ಎಳೆದು ಅಂಟಿಸಿದರೆ ಪಕ್ಕದಿಂದ ನೇರ ಕಂಡದ್ದು ಮುಂದಿನಿಂದ ಬಿಲ್ಲಾಗುತ್ತದೆ. ದೋಣಿಯನ್ನು ಗಾಜಿನ ಮೇಲೆ ಸಮಮಟ್ಟಕ್ಕೆ ನಿಲ್ಲಿಸಿ, ಮರದ ತುಂಡಿನ ಮೇಲೆ ಪೆನ್ಸಿಲನ್ನು ಅಡ್ಡಲಾಗಿ ಬಿಗಿದು, ಆ ತುಂಡನ್ನು ಗಾಜಿನ ಮೇಲೆ ಜಾರಿಸುತ್ತ ಸುತ್ತಲೂ ಬರಬೇಕು. ಟೇಪು ಆ ಪೆನ್ಸಿಲ್ ಗುರುತನ್ನು ಹಿಂಬಾಲಿಸಲಿ.

ಬಣ್ಣದಲ್ಲಿ ಪದದ ತೊಂದರೆ ಇಲ್ಲ, ಕೆಲಸದ ತೊಂದರೆ ಇದೆ. ರಕ್ಷಣಾ ದೋಣಿಯ ಮೇಲ್ಭಾಗದ ಕಿತ್ತಳೆ ಬಣ್ಣ ಅಡಿಬಣ್ಣವನ್ನು ಮುಚ್ಚುವುದರಲ್ಲಿ ಬಡಪಾಯಿ. ಬೂದು ಪ್ರೈಮರ್ ಮೇಲೆ ಬಳಿದರೆ ಇಟ್ಟಿಗೆಯ ಬಣ್ಣಕ್ಕೆ ತಿರುಗುತ್ತದೆ. ಬಿಳಿ ಪ್ರೈಮರ್ ಮೇಲೆ ತೆಳುವಾಗಿ ಮೂರು ನಾಲ್ಕು ಸಲ ಬಳಿಯಬೇಕು, ಕಿತ್ತಳೆ ಮೊದಲು, ನೀಲಿ ಆಮೇಲೆ. ನೀಲಿಗೆ ಮುನ್ನ ಟೇಪಿನ ಅಂಚಿಗೆ ಮತ್ತೊಮ್ಮೆ ಕಿತ್ತಳೆಯನ್ನೇ ಸವರಿದರೆ, ನುಸುಳುವುದು ಕಿತ್ತಳೆಯೇ ಆಗಿ ಗೆರೆ ಚೂಪಾಗಿ ನಿಲ್ಲುತ್ತದೆ.

ಉತ್ತರ 3

ಉಳಿದ ಪದಗಳು, ಚುಟುಕಾಗಿ.

ಸ್ಪ್ರೂವನ್ನು ಸ್ಪ್ರೂ ಎಂದೇ ಬಿಡಿ. ತುಂಡಿಗೂ ಸ್ಪ್ರೂಗೂ ನಡುವಿನ ಕುತ್ತಿಗೆಗೆ ಮಾತ್ರ ‘ತೊಟ್ಟು’ ಅನ್ನಿ, ಹಣ್ಣಿಗೆ ಅನ್ನುವ ಹಾಗೆ. ತೊಟ್ಟನ್ನು ತುಂಡಿನ ಮೈಗೆ ಹತ್ತಿಸಿ ಕತ್ತರಿಸಬಾರದು, ಪ್ಲಾಸ್ಟಿಕ್ ಬೆಳ್ಳಗೆ ನಲುಗುತ್ತದೆ ಇಲ್ಲವೇ ಚೂರು ಕಿತ್ತುಬಂದು ಗುಳಿ ಬೀಳುತ್ತದೆ. ಒಂದೆರಡು ಮಿಲಿಮೀಟರ್ ಬಿಟ್ಟು ಕತ್ತರಿಸಿ, ಉಳಿದದ್ದನ್ನು ಚಾಕುವಿನಿಂದ ಹೆರೆಯಬೇಕು. ಅಚ್ಚಿನ ಎರಡು ಭಾಗ ಕೂಡಿದಲ್ಲಿ ಮೂಡುವ ಗೆರೆ ‘ಅಚ್ಚುಗೆರೆ’. ಅದನ್ನು ಚಾಕುವಿನ ಬೆನ್ನಿನಿಂದ ಕೆರೆದರೆ ಹೋಗುತ್ತದೆ.

ಕ್ಲಿಂಕರ್ ಎಂದರೆ ಮೇಲಿನ ಹಲಗೆಯ ಅಂಚು ಕೆಳಗಿನದರ ಮೇಲೆ ಹೆಂಚಿನಂತೆ ಏರಿ ಕೂತ ಕಟ್ಟಣೆ. ‘ಅಂಚೇರಿದ ಹಲಗೆ’ ಎನ್ನಬಹುದು. ಅಂಚಿಗೆ ಅಂಚು ತಾಗಿ ಮೈ ನುಣುಪಾಗಿರುವ ಕಾರ್ವೆಲ್‌ಗೆ ‘ಅಂಚುಗೂಡಿದ ಹಲಗೆ’. ಅಂಚೇರಿದ ಒಡಲಿಗೆ ಪುಟ್ಟಿ ತುಂಬಿ ಉಜ್ಜುವಾಗ ಮರಳು ಕಾಗದ ಹಲಗೆಯುದ್ದಕ್ಕೇ ಓಡಬೇಕು. ಅಡ್ಡ ಉಜ್ಜಿದರೆ ಮೆಟ್ಟಿಲು ಮೆಟ್ಟಿಲಾಗಿ ನೆರಳು ಕೊಡುವ ಅಂಚುಗಳೇ ಸವೆದುಹೋಗುತ್ತವೆ, ಮಾದರಿಯ ಜೀವ ಇರುವುದು ಆ ನೆರಳಿನಲ್ಲಿ.

ಹಡಗಿನ ಲೈಫ್‌ಬೋಟಿನ ಹೊರಬದಿಯಲ್ಲಿ ಮಾಲೆಯಂತೆ ಇಳಿಬಿದ್ದಿರುವುದು ‘ಹಿಡಿಹಗ್ಗ’: ನೀರಿನಲ್ಲಿದ್ದವರು ಹಿಡಿದುಕೊಳ್ಳಲಿಕ್ಕೆ. ಮಾದರಿಯಲ್ಲಿ ದಾರ ಭಾರವಿಲ್ಲದೆ ಸೆಟೆದು ನಿಂತು ನಗೆಪಾಟಲಾಗುತ್ತದೆ. ಬಿಳಿ ಅಂಟಿಗೆ ಅಷ್ಟೇ ನೀರು ಬೆರೆಸಿ ದಾರ ನೆನೆಸಿ, ಪ್ರತಿ ಇಳಿಜೋಲಿನ ನಡುವೆ ಸಣ್ಣ ತಂತಿಕೊಕ್ಕೆ ತೂಗಬಿಟ್ಟು ಒಣಗಿಸಿ, ಆಮೇಲೆ ಕೊಕ್ಕೆ ತೆಗೆಯಬೇಕು. ದಾರದ ನವಿರು ಎಳೆಗಳನ್ನು ಅದಕ್ಕೂ ಮೊದಲೇ ಜೇನುಮೇಣ ಉಜ್ಜಿ ಅಡಗಿಸುವುದುಂಟು. ಆದರೆ ಮೇಣ ತಾಗಿದ ದಾರ ನೀರಿನ ಅಂಟನ್ನು ಸರಿಯಾಗಿ ಹೀರುವುದಿಲ್ಲ, ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ.

ಡಿಕಾಲ್‌ಗೆ ‘ಸ್ಟಿಕ್ಕರ್’ ಎಂದು ಬರೆದರೆ ಓದುಗರು ಕಾಗದ ಸುಲಿದು ಒತ್ತಲು ಹೋಗುತ್ತಾರೆ. ‘ನೀರಚ್ಚು’ ಎಂದರೆ ನೀರಿಗೆ ಹಾಕಬೇಕು ಎಂಬುದಾದರೂ ತಿಳಿಯುತ್ತದೆ. ಇದನ್ನು ಮಂಕು ಬಣ್ಣದ ಮೇಲೆ ಕೂರಿಸಿದರೆ ಅಡಿಯಲ್ಲಿ ಗಾಳಿ ಸಿಕ್ಕಿ ಅಕ್ಷರದ ಸುತ್ತ ಬೆಳ್ಳಿಯಂತೆ ಹೊಳೆಯುತ್ತದೆ. ಹೊಳಪು ವಾರ್ನಿಷ್ ಮೊದಲು, ನೀರಚ್ಚು ಆಮೇಲೆ, ಮಂಕು ವಾರ್ನಿಷ್ ಕೊನೆಗೆ. ಹೀಗೆ ಮಾಡಿಯೂ ಬೆಳ್ಳಿ ಕಂಡರೆ ಆ ಜಾಗವನ್ನು ಸೂಜಿಯಿಂದ ಚುಚ್ಚಿ, ನೀರಚ್ಚು ಮೆತ್ತಗಾಗಿಸುವ ದ್ರವದ ಒಂದು ಹನಿ ಬಿಡಿ. ಆಗ ಅದು ಸುಕ್ಕುಗಟ್ಟಿದಂತೆ ಕಾಣುತ್ತದೆ, ಗಾಬರಿಯಾಗಿ ಬೆರಳಿಡಬೇಡಿ. ಒಣಗುವಾಗ ತಾನೇ ಬಿಗಿದುಕೊಳ್ಳುತ್ತದೆ.