ಹಿಪ್-ಡ್ರಾಪ್ ಟ್ಯಾಕಲ್ ನಿಷೇಧಿಸಿದ್ದು ಸರಿನಾ?

ಡಲ್ಲಾಸ್_ಅಪ್ಪ:
ನನ್ನ ಮಗ ಶಾಲೆಯ ಅಮೆರಿಕನ್ ಫುಟ್‌ಬಾಲ್ ತಂಡದಲ್ಲಿ ಲೈನ್‌ಬ್ಯಾಕರ್, ಅಂದರೆ ಚೆಂಡು ಹಿಡಿದು ಓಡುವವನನ್ನು ಬೀಳಿಸುವ (ಟ್ಯಾಕಲ್ ಮಾಡುವ) ರಕ್ಷಣಾ ಆಟಗಾರ. 2023ರ ಜನವರಿಯಲ್ಲಿ ಕೌಬಾಯ್ಸ್ ತಂಡದ ಟೋನಿ ಪೊಲಾರ್ಡ್ ಹಿಪ್-ಡ್ರಾಪ್ ಟ್ಯಾಕಲ್‌ಗೆ ಸಿಕ್ಕಿ ಕಾಲು ಮುರಿದುಕೊಂಡದ್ದನ್ನು ಇಬ್ಬರೂ ಟಿವಿಯಲ್ಲಿ ನೋಡಿದ್ದೆವು. ಆವತ್ತು ಮಗ ಊಟ ಸರಿಯಾಗಿ ಮಾಡಲಿಲ್ಲ. 2024ರ ಮಾರ್ಚ್‌ನಲ್ಲಿ ಎನ್‌ಎಫ್‌ಎಲ್ (ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್) ಈ ಟ್ಯಾಕಲ್ ನಿಷೇಧಿಸಿದಾಗ ನನಗೆ ಸಮಾಧಾನ ಆಯಿತು, ಆದರೆ ಆಟಗಾರರ ಸಂಘವೇ ಅದನ್ನು ವಿರೋಧಿಸಿತ್ತು. ಈಗ ಮಗನೂ ಕೇಳುತ್ತಾನೆ, "ಅಪ್ಪಾ, ಹಿಂದಿನಿಂದ ಓಡಿ ಬಂದವನು ಮತ್ತೆ ಹೇಗೆ ಹಿಡೀಬೇಕು?" ಏನು ಹೇಳಲಿ?

ಗೆರೆಯಾಚೆ:
ಸುಮ್ನೆ ಹಿಂದಿನಿಂದ ಹಿಡಿದರೆ ತಪ್ಪಲ್ಲ ಸರ್. ಓಡುವವನನ್ನು ಎರಡೂ ಕೈಯಿಂದ ಹಿಡಿದು, ಮೈ ತಿರುಗಿಸಿ, ತನ್ನ ಸೊಂಟ ಕೆಳಗೆ ಬಿಟ್ಟು ಅವನ ಕಾಲಿನ ಮೇಲೆ ಬಿದ್ದರೆ ತಪ್ಪು. ವಿಡಿಯೋ ನಿಧಾನಕ್ಕೆ ಓಡಿಸಿ ನೋಡಿ. ಶೂ ನೆಲಕ್ಕೆ ಕಚ್ಚಿಕೊಂಡಿರುತ್ತೆ, ಮೀನಖಂಡದ ಮೇಲೆ ನೂರು ಕೆಜಿಯ ಮನುಷ್ಯ ಕೂತಿರುತ್ತಾನೆ, ಓಡುವವನ ಮೈ ಮಾತ್ರ ಇನ್ನೂ ಮುಂದಕ್ಕೆ ಹೋಗ್ತಾ ಇರುತ್ತೆ. ಕಣಕಾಲು ಉಳಿಯುತ್ತಾ? ಬೇರೆ ಟ್ಯಾಕಲ್‌ಗಳಿಗಿಂತ ಇದರಲ್ಲಿ ಗಾಯ ಕನಿಷ್ಠ 20 ಪಟ್ಟು ಜಾಸ್ತಿ ಅಂತ ಲೀಗೇ ಹೇಳಿದೆ.

ಹಳೇ_ಸೇಫ್ಟಿ:
ಕಾಲೇಜಲ್ಲಿ ಆಡಿದ್ದೇನೆ, ಅದಕ್ಕೇ ನನಗೆ ಒಪ್ಪಿಗೆ ಇಲ್ಲ. ತಲೆ ತಗ್ಗಿಸಿ ಗುದ್ದಬಾರದು, ಸರಿ. ಹಿಂದಿನಿಂದ ಜೆರ್ಸಿ ಕಾಲರ್ ಎಳೆಯಬಾರದು, 2005ರಿಂದ ಅದೂ ಇದೆ, ಸರಿ. ಈಗ ಇದು. ನಿಮಗಿಂತ ದಪ್ಪ ಇರುವವನು ಪೂರ್ತಿ ವೇಗದಲ್ಲಿ ಓಡುತ್ತಿದ್ದಾಗ ಅವನ ಸೊಂಟಕ್ಕೆ ಜೋತುಬಿದ್ದು ನೋಡಿ, ಎಲ್ಲಿ ಬೀಳಬೇಕು ಅಂತ ಯೋಚಿಸೋಕೆ ಅರ್ಧ ಸೆಕೆಂಡೂ ಸಿಗಲ್ಲ. ರೆಫರಿಗೂ ಅಷ್ಟೇ, ಆ ಕ್ಷಣದಲ್ಲಿ ಕಾಣಲ್ಲ. ಹೆಚ್ಚಾಗಿ ಪಂದ್ಯ ಮುಗಿದ ಮೇಲೆ ವಿಡಿಯೋ ನೋಡಿ ದಂಡ ಹಾಕುತ್ತಾರೆ. ಪಾಪ ಡಿಫೆಂಡರ್ ಏನು ಮಾಡಬೇಕು?

ಶನಿವಾರದ_ಕೋಚ್:
ಕಷ್ಟ ನಿಜ, ಆದರೆ ಕಲಿಸಿದರೆ ಬರುತ್ತೆ. 1976ರಲ್ಲಿ ಶಾಲೆ, ಕಾಲೇಜುಗಳಲ್ಲಿ ಹೆಲ್ಮೆಟ್‌ನಿಂದ ಗುದ್ದುವುದನ್ನು ನಿಲ್ಲಿಸಿದರು. 1968ರ ಒಂದೇ ವರ್ಷ ಮೈದಾನದ ಪೆಟ್ಟಿನಿಂದ 36 ಜನ ಸತ್ತಿದ್ದರು, 1990ರಲ್ಲಿ ಒಬ್ಬರೂ ಇಲ್ಲ. ಹೆಲ್ಮೆಟ್‌ಗಳೂ ಸುಧಾರಿಸಿದ್ದವು, ಆದರೆ ಹುಡುಗರು ತಲೆ ಎತ್ತಿ ಟ್ಯಾಕಲ್ ಮಾಡುವುದನ್ನು ಕಲಿತದ್ದೂ ಅಷ್ಟೇ ಮುಖ್ಯ. ಸರ್, ಮಗನಿಗೆ ಹೇಳಿ: ಹಿಡಿದ ಮೇಲೆ ಕಾಲು ನಿಲ್ಲಿಸಬೇಡ, ಓಡ್ತಾನೇ ಇರು, ಪಕ್ಕಕ್ಕೆ ಎಳೆದು ಇಬ್ಬರೂ ಉರುಳಿ. ನಿನ್ನ ಭುಜ ನೆಲಕ್ಕೆ ತಾಗಬೇಕು, ಸೊಂಟ ಅವನ ಕಾಲಿಗಲ್ಲ.

ಡಲ್ಲಾಸ್_ಅಪ್ಪ:
ಥ್ಯಾಂಕ್ಸ್ ಕೋಚ್. ಸಂಜೆ ಹಿತ್ತಲಲ್ಲಿ ಹಳೇ ಹಾಸಿಗೆ ಹಾಕಿ, ನಾನೇ ಓಡುವವನಾದೆ. ಮೊದಲ ಮೂರು ಸಲ ನನ್ನ ಕಾಲಿನ ಮೇಲೇ ಬಿದ್ದ, ನಾಲ್ಕನೇ ಸಲ ಪಕ್ಕಕ್ಕೆ ಉರುಳಿದ. ನಾಳೆ ಮತ್ತೆ ಮಾಡುತ್ತೇವೆ.